ಬೆಪ್ ಬರೆಯುವ ಮುಂಚೆ ಸ್ಲ್ಯಾಬ್ ತಾರೀಖು ಕೇಳಿ

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರ್. ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಕಂಟ್ರಾಕ್ಟರ್ ಕಂಪನಿಯಲ್ಲಿ ಆರು ವರ್ಷದಿಂದ ಇದ್ದೇನೆ. ಈಗ ನಮಗೆ ಒಂದು ಆಸ್ಪತ್ರೆಯ ಕೆಲಸ ಸಿಕ್ಕಿದೆ. ಎರಡು ಬೇಸ್‌ಮೆಂಟ್, ಮೇಲೆ ಏಳು ಮಹಡಿ. ಟೆಂಡರ್‌ನಲ್ಲಿ 'ಬಿಮ್ ಕಡ್ಡಾಯ, ಎಲ್‌ಒಡಿ 500' ಎಂದು ಒಂದೇ ಒಂದು ಸಾಲು ಇದೆ. ಬಿಮ್ ಅಂದರೆ ಕಟ್ಟಡದ ಮಾಹಿತಿಯನ್ನೆಲ್ಲ ತುಂಬಿದ ಕಂಪ್ಯೂಟರ್ ಮಾಡೆಲ್, ಎಲ್‌ಒಡಿ ಅಂದರೆ ಅದರ ಭಾಗಗಳು ಎಷ್ಟು ಪಕ್ಕಾ ಆಗಿರಬೇಕು ಎನ್ನುವ ಮಟ್ಟ. ಆ ಮಾಡೆಲನ್ನು ಯಾರು, ಯಾವಾಗ, ಹೇಗೆ ಮಾಡುತ್ತಾರೆ ಎಂದು ಹೇಳುವ ಬಿಮ್ ಎಕ್ಸಿಕ್ಯೂಶನ್ ಪ್ಲಾನನ್ನು ಮೂರು ವಾರದಲ್ಲಿ ಕೊಡಿ ಎಂದು ಕ್ಲೈಂಟ್ ಕಡೆಯವರು ಕೇಳಿದ್ದಾರೆ. ಗೆಳೆಯನೊಬ್ಬ ಅವನ ಕಂಪನಿಯ 70 ಪುಟದ ಟೆಂಪ್ಲೇಟ್ ಕೊಟ್ಟಿದ್ದಾನೆ. ಹೆಸರು ಬದಲಿಸಿ ಕೊಟ್ಟರೆ ಸಾಕಾ? ಸಾಲದಿದ್ದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಕೊಟ್ಟರೆ ಬಹುಶಃ ಪಾಸೂ ಆಗುತ್ತದೆ. 70 ಪುಟವನ್ನು ಕೂತು ಓದುವವರು ಕಡಿಮೆ. ತೊಂದರೆ ಶುರುವಾಗುವುದು ಎಂಟು ತಿಂಗಳಾದ ಮೇಲೆ.

ನಾನೇ ಒಮ್ಮೆ ಹಾಗೆ ಸಿಕ್ಕಿಬಿದ್ದಿದ್ದೇನೆ. ಅದು ಆಫೀಸ್ ಕಟ್ಟಡದ ಕೆಲಸ. ಹಿಂದಿನ ಪ್ರಾಜೆಕ್ಟಿನ ಪ್ಲಾನ್ ತೆಗೆದು, ಹೆಸರು ತಿದ್ದಿ ಕಳಿಸಿದ್ದೆವು. ಅದರ ನಲವತ್ತನೇ ಪುಟದಲ್ಲೆಲ್ಲೋ 'ಕಂಬ, ಬೀಮುಗಳ ಕಂಬಿಯನ್ನೂ ಮಾಡೆಲ್ ಮಾಡಲಾಗುವುದು' ಎಂಬ ಸಾಲು ಉಳಿದುಕೊಂಡಿತ್ತು. ಒಂದು ಬಿಲ್ ವಿಷಯಕ್ಕೆ ಜಗಳವಾದಾಗ ಎದುರಿನವರು ಆ ಸಾಲನ್ನು ಹುಡುಕಿ ತೆಗೆದರು. ಇಬ್ಬರು ಹುಡುಗರು ನಾಲ್ಕು ತಿಂಗಳು ಕೂತು ಕಂಬಿ ಮಾಡೆಲ್ ಮಾಡಿದರು. ಅಷ್ಟರಲ್ಲಿ ಆ ಕಂಬಿಯೆಲ್ಲ ಕಾಂಕ್ರೀಟ್ ಒಳಗೆ ಸೇರಿ, ಮೇಲೆ ಪ್ಲಾಸ್ಟರೂ ಆಗಿಹೋಗಿತ್ತು. ಆ ಮಾಡೆಲನ್ನು ಯಾರೂ ಒಮ್ಮೆಯೂ ತೆರೆಯಲಿಲ್ಲ.

ಈ ಪ್ಲಾನಿಗೆ ನಮ್ಮ ಆಫೀಸುಗಳಲ್ಲಿ 'ಬೆಪ್' ಎನ್ನುತ್ತಾರೆ. ಕನ್ನಡದ ಕಿವಿಗೆ ಅದು 'ಬೆಪ್ಪು' ಎಂದೇ ಕೇಳಿಸುತ್ತದೆ. ಓದದೆ ಸಹಿ ಹಾಕಿದವರ ಮಟ್ಟಿಗೆ ಹೆಸರು ಸರಿಯಾಗೇ ಇದೆ ಬಿಡಿ.

ಇಂಥ ಪ್ಲಾನ್ ಹೇಗೆ ಮಾಡಬೇಕು ಎನ್ನುವುದಕ್ಕೆ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು 2009ರಲ್ಲೇ ಒಂದು ಕೈಪಿಡಿ ತಂದರು. ಇವತ್ತು ಕೈಯಿಂದ ಕೈಗೆ ಓಡಾಡುವ ಎಷ್ಟೋ ಟೆಂಪ್ಲೇಟುಗಳಿಗೆ ಅದೇ ಅಜ್ಜ. ಅದರಲ್ಲಿ ನಾಲ್ಕು ಹೆಜ್ಜೆ ಇವೆ. ಮೊದಲು ಮಾಡೆಲ್ ಯಾತಕ್ಕೆ ಬೇಕು ಅನ್ನೋದನ್ನು ತೀರ್ಮಾನಿಸಬೇಕು. ಆಮೇಲೆ ಕೆಲಸ ಯಾರಿಂದ ಯಾರಿಗೆ ಹೋಗುತ್ತದೆ ಎಂದು ಬರೆದುಕೊಳ್ಳಬೇಕು. ಹಾಗೆ ಕೈ ಬದಲಾಗುವಾಗ ಯಾವ ಮಾಹಿತಿ ಎಷ್ಟು ವಿವರದಲ್ಲಿ ಇರಬೇಕು ಎನ್ನುವುದು ಮೂರನೆಯದು. ಸಾಫ್ಟ್‌ವೇರ್, ಕಂಪ್ಯೂಟರ್, ಮೀಟಿಂಗ್, ಕರಾರು ಎಲ್ಲ ಬರುವುದು ನಾಲ್ಕನೆಯದಾಗಿ. ನಮ್ಮಲ್ಲಿ ಇದನ್ನು ತಲೆಕೆಳಗು ಮಾಡುತ್ತಾರೆ. ಮೊದಲು ಮಾಡೆಲ್ ಮಾಡುವ ಸಾಫ್ಟ್‌ವೇರ್ ರೆವಿಟ್‌ನ ಲೈಸೆನ್ಸ್ ಎಷ್ಟು ಬೇಕು ಎಂದು ಲೆಕ್ಕ ಹಾಕುತ್ತಾರೆ. ಯಾತಕ್ಕೆ ಎನ್ನುವ ಪ್ರಶ್ನೆ ಕೊನೆಗೂ ಬರುವುದಿಲ್ಲ.

ಆ ಕೈಪಿಡಿಯಲ್ಲಿ ಬಿಮ್‌ನ 25 ಉಪಯೋಗಗಳ ಪಟ್ಟಿ ಇತ್ತು. ನಿಮ್ಮ ಗೆಳೆಯನ ಟೆಂಪ್ಲೇಟಿನಲ್ಲೂ ಅದು ಇರಬಹುದು, ಬಹುಶಃ ಎಲ್ಲದಕ್ಕೂ ಟಿಕ್ ಹಾಕಿರುತ್ತಾರೆ. ಆದರೆ ಪಟ್ಟಿಯನ್ನು ಓದಬೇಕಾದ ಕ್ರಮವನ್ನೂ ಅವರು ಹೇಳಿದ್ದಾರೆ. ಹಿಂದಿನಿಂದ ಶುರು ಮಾಡಬೇಕು. ಕಟ್ಟಡ ಮುಗಿದು ಆಸ್ಪತ್ರೆ ನಡೆಯುವಾಗ ಏನು ಬೇಕು, ಕಟ್ಟುವಾಗ ಏನು ಬೇಕು, ಅದಕ್ಕೂ ಮುಂಚೆ ಡಿಸೈನ್‌ನಲ್ಲಿ ಏನು ಬೇಕು ಅಂತ. ಪ್ರತಿ ಉಪಯೋಗದ ಎದುರಿಗೂ ಯಾರು ಮಾಡುತ್ತಾರೆ ಎಂದು ಬರೆದು, ಅವರ ಹತ್ತಿರ ಜನ ಇದ್ದಾರಾ, ಆ ಕೆಲಸ ಗೊತ್ತಿದೆಯಾ, ಹಿಂದೆ ಮಾಡಿದ ಅನುಭವ ಇದೆಯಾ ಎಂದು ಒಂದರಿಂದ ಮೂರರವರೆಗೆ ಅಂಕ ಕೊಡುವ ಕಾಲಂಗಳಿವೆ. ಆ ಅಂಕ ಹಾಕುವಾಗ ನಾಚಿಕೆ ಬಿಡಿ. ಮೂರರಲ್ಲೂ ಒಂದೊಂದೇ ಅಂಕ ಬಂದರೆ ಆ ಉಪಯೋಗವನ್ನು ಪ್ಲಾನಿನಿಂದ ತೆಗೆದುಹಾಕಿ.

ನಿಮ್ಮ ಕೆಲಸಕ್ಕೆ ನಾನಾದರೆ ಮೂರೇ ಮೂರು ಇಟ್ಟುಕೊಳ್ಳುತ್ತೇನೆ. ಸರ್ವಿಸ್‌ಗಳ ಹೊಂದಾಣಿಕೆ, ಅಂದರೆ ಡಕ್ಟು, ಪೈಪು, ಕೇಬಲ್ ಟ್ರೇ ಒಂದಕ್ಕೊಂದು ಗುದ್ದದಂತೆ ನೋಡುವುದು. ಎರಡನೆಯದು ಕೆಲವು ಐಟಂಗಳ ಅಳತೆ. ಮೂರನೆಯದು ಆಸ್ಪತ್ರೆಯ ಮೇಂಟೆನೆನ್ಸ್‌ನವರಿಗೆ ಕೊಡುವ ಉಪಕರಣಗಳ ಮಾಹಿತಿ. ಶೆಡ್ಯೂಲ್ ಜೋಡಿಸಿ ಕಟ್ಟಡ ಎದ್ದು ನಿಲ್ಲುವ ವಿಡಿಯೊ ತೋರಿಸುವ 4ಡಿ ಬೇಡ. ನೋಡಲು ಚೆಂದ, ಮೊದಲ ಮೀಟಿಂಗ್‌ನಲ್ಲಿ ಚಪ್ಪಾಳೆಯೂ ಬೀಳುತ್ತದೆ. ಆದರೆ ಪ್ರತಿ ವಾರ ಅದನ್ನು ಅಪ್‌ಡೇಟ್ ಮಾಡಲು ಒಬ್ಬನನ್ನು ಕೂರಿಸದಿದ್ದರೆ ಎರಡನೇ ತಿಂಗಳಲ್ಲಿ ಅದು ಸುಳ್ಳು ಹೇಳಲು ಶುರು ಮಾಡುತ್ತದೆ.

ಈಗ ಆ 'ಎಲ್‌ಒಡಿ 500' ವಿಷಯ. ಅದನ್ನು ಬರೆದವರು 500 ಅಂದರೆ 400ಕ್ಕಿಂತ ಜಾಸ್ತಿ ವಿವರ ಎಂದುಕೊಂಡಿದ್ದಾರೆ. ಹಾಗಲ್ಲ. ಅಮೆರಿಕದ ಆರ್ಕಿಟೆಕ್ಟರ ಸಂಘ 2008ರಲ್ಲಿ ತಂದ ಕರಾರಿನಿಂದ ಈ 100ರಿಂದ 500ರ ಲೆಕ್ಕ ಎಲ್ಲೆಡೆ ಹಬ್ಬಿತು. ಸರಳವಾಗಿ ಹೇಳಿದರೆ 100 ಬರೀ ಗುರುತು. 200 ಅಂದಾಜು ಗಾತ್ರ. 300 ನಿಖರವಾದ ಗಾತ್ರ ಮತ್ತು ಜಾಗ. 400 ಅಂದರೆ ನೋಡಿಕೊಂಡು ಫ್ಯಾಬ್ರಿಕೇಶನ್ ಮಾಡಬಹುದಾದ ವಿವರ. 500 ಅಂದರೆ ಕಟ್ಟಿದ ಮೇಲೆ ಸೈಟಿನಲ್ಲಿ ಅಳೆದು 'ಹೌದು, ಹೀಗೇ ಇದೆ' ಎಂದು ಖಚಿತ ಮಾಡಿದ್ದು. ಇನ್ನೂ ಪಾಯ ತೋಡದ ಕಟ್ಟಡಕ್ಕೆ ಅದು ಇರಲು ಸಾಧ್ಯವೇ ಇಲ್ಲ. ಮಧ್ಯದಲ್ಲಿ 350 ಎಂಬುದನ್ನು ಆಮೇಲೆ ಬಿಮ್‌ಫೋರಂ ಎಂಬ ಸಂಸ್ಥೆ ಸೇರಿಸಿತು. ಹೊಂದಾಣಿಕೆಗೆ ಬೇಕಾದ ಸಪೋರ್ಟು, ಜೋಡಣೆಗಳೂ ಅದರಲ್ಲಿ ಬರುತ್ತವೆ. ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಇದೇ.

ಇನ್ನೊಂದು ಮಾತು. ಎಲ್‌ಒಡಿಯನ್ನು ಇಡೀ ಮಾಡೆಲ್‌ಗೆ ಒಂದೇ ಅಂತ ಬರೆಯುವುದಿಲ್ಲ, ಒಂದೊಂದು ಭಾಗಕ್ಕೆ ಒಂದೊಂದು ಬರೆಯುತ್ತಾರೆ. ಅದೂ ಯಾವ ತಾರೀಖಿಗೆ ಎಷ್ಟು ಎಂದು. ನಿಮ್ಮ ಆಸ್ಪತ್ರೆಯಲ್ಲೇ ನೋಡಿ. ಕಾರಿಡಾರ್ ಮೇಲಿನ ಡಕ್ಟು 350ರಲ್ಲಿ ಇಲ್ಲದಿದ್ದರೆ ನೀವು ಕೆಟ್ಟಿರಿ. ಆದರೆ ಎಂಆರ್‌ಐ ಕೋಣೆ? ಯಾವ ಕಂಪನಿಯ ಮಷೀನ್ ಎಂದು ಆಸ್ಪತ್ರೆಯವರು ತೀರ್ಮಾನಿಸುವುದು ಬಹಳ ತಡವಾಗಿ. ಮಷೀನ್ ಬದಲಾದರೆ ಅದರ ತೂಕ, ಒಳಗೆ ಸಾಗಿಸುವ ದಾರಿ, ಹೀಲಿಯಂ ಅನಿಲ ಹೊರಗೆ ಬಿಡುವ ಕ್ವೆಂಚ್ ಪೈಪಿನ ಜಾಡು ಎಲ್ಲ ಬದಲಾಗುತ್ತದೆ. ಅಲ್ಲಿ ಈಗ 200 ಇಟ್ಟು, 'ಮಷೀನ್ ಆಯ್ಕೆಯಾದ ಆರು ವಾರದಲ್ಲಿ 350' ಎಂದು ಬರೆಯಿರಿ. ಆಗ ತಡವಾದರೆ ಯಾರಿಂದ ತಡವಾಯಿತು ಎನ್ನುವುದೂ ದಾಖಲೆಯಲ್ಲಿ ಇರುತ್ತದೆ.

ನಿಜ ಹೇಳಬೇಕೆಂದರೆ ಇದನ್ನೆಲ್ಲ ಮೊದಲು ಹೇಳಬೇಕಾದವರು ಕ್ಲೈಂಟ್. ಬ್ರಿಟನ್‌ನಲ್ಲಿ ಸರ್ಕಾರ 2011ರಲ್ಲಿ ಘೋಷಣೆ ಮಾಡಿ, 2016ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರದ ಕಟ್ಟಡಗಳಿಗೆ ಬಿಮ್ ಕಡ್ಡಾಯ ಮಾಡಿದಾಗ, ಕಟ್ಟಿಸುವವನು ತನಗೆ ಯಾವ ಮಾಹಿತಿ ಯಾವಾಗ ಬೇಕು ಎಂದು ಮೊದಲು ಬರೆದುಕೊಡಬೇಕು ಎಂಬ ಕ್ರಮ ಬಂತು. 2018ರ ಕೊನೆಗೆ ಬಂದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 19650 ಕೂಡ ಅದನ್ನೇ ಹೇಳುತ್ತದೆ. ಕಟ್ಟಿಸುವವನ ಬೇಡಿಕೆಗೆ ಕಂಟ್ರಾಕ್ಟರ್ ಕೊಡುವ ಉತ್ತರವೇ ಬೆಪ್. ನಿಮ್ಮ ಕೈಯಲ್ಲಿ ಪ್ರಶ್ನೆಯೇ ಇಲ್ಲ, ಉತ್ತರ ಬರೆಯಿರಿ ಎನ್ನುತ್ತಿದ್ದಾರೆ. ಹಾಗಾಗಿ ಪ್ರಶ್ನೆಯನ್ನೂ ನೀವೇ ಬರೆದು, ಅವರಿಂದ ಸಹಿ ಹಾಕಿಸಿಕೊಳ್ಳಬೇಕು. ಎರಡು ಪುಟ ಸಾಕು.

ಇನ್ನು ಶೀರ್ಷಿಕೆಯಲ್ಲಿ ಹೇಳಿದ ವಿಷಯ. ನೀವು ಟೆಂಪ್ಲೇಟ್ ತೆರೆಯುವ ಮುಂಚೆ ಪ್ಲಾನಿಂಗ್ ಎಂಜಿನಿಯರ್ ಹತ್ತಿರ ಹೋಗಿ ಸ್ಲ್ಯಾಬ್ ಹಾಕುವ ತಾರೀಖುಗಳ ಪಟ್ಟಿ ಇಸಿದುಕೊಳ್ಳಿ.

ಯಾಕೆ ಅಂದರೆ, ಸ್ಲ್ಯಾಬಿನಲ್ಲಿ ಪೈಪ್ ಹೋಗಲು ಬಿಡುವ ಸ್ಲೀವ್ ಕಾಂಕ್ರೀಟ್ ಹಾಕುವ ಮುಂಚೆ ಕೂರಬೇಕು. ಆಮೇಲಾದರೆ ಗಟ್ಟಿಯಾದ ಕಾಂಕ್ರೀಟನ್ನು ಕೊರೆಯಬೇಕು, ಅದೇ ಕೋರ್ ಕಟಿಂಗ್. ಕೋರ್ ಕಟಿಂಗ್ ಅಂದರೆ ದುಡ್ಡು, ದೂಳು, ಕೆಲವೊಮ್ಮೆ ಕಂಬಿಯೂ ತುಂಡು, ಆಮೇಲೆ ಸ್ಟ್ರಕ್ಚರಲ್ ಕನ್ಸಲ್ಟೆಂಟ್ ಹತ್ತಿರ ಬೈಸಿಕೊಳ್ಳುವುದು. ಮಾಡೆಲ್‌ನಿಂದ ನಿಮಗೆ ಉಳಿತಾಯ ಅಂತ ಆಗುವುದಾದರೆ ಜಾಸ್ತಿ ಆಗುವುದು ಇಲ್ಲೇ. ಆದರೆ ತಾರೀಖು ತಪ್ಪಿದರೆ ಎಷ್ಟು ಒಳ್ಳೆಯ ಮಾಡೆಲ್ ಆದರೂ ಅದು ಚಿತ್ರಪಟ ಮಾತ್ರ.

ಲೆಕ್ಕ ಹಿಂದಿನಿಂದ ಹಾಕಿ. ಮೂರನೇ ಮಹಡಿಯ ಸ್ಲ್ಯಾಬ್ ನವೆಂಬರ್ 30ಕ್ಕೆ ಎಂದಿಟ್ಟುಕೊಳ್ಳೋಣ. ಶಟರಿಂಗ್, ಕಂಬಿ ಕಟ್ಟುವುದು, ಸ್ಲೀವ್ ಕೂರಿಸುವುದು ಎಲ್ಲ ಸೇರಿ ಹನ್ನೆರಡು ದಿನ. ಹಾಗಾದರೆ ಸ್ಲೀವ್ ಡ್ರಾಯಿಂಗ್ 18ಕ್ಕೆ ಸೈಟಿನಲ್ಲಿ ಇರಬೇಕು. ಕನ್ಸಲ್ಟೆಂಟ್ ನೋಡಿ ಸಹಿ ಹಾಕಲು ಒಂದು ವಾರ, ಅಂದರೆ 11. ಡಿಕ್ಕಿಗಳನ್ನು ನೋಡಿ ಬಗೆಹರಿಸಲು ಎರಡು ಸುತ್ತು, ಎರಡು ವಾರ, ಅಂದರೆ ಅಕ್ಟೋಬರ್ 28. ಎಲ್ಲ ಸರ್ವಿಸ್‌ಗಳ ಮಾಡೆಲ್ ತಯಾರಿಸಲು ಮೂರು ವಾರ, ಅಂದರೆ ಅಕ್ಟೋಬರ್ 7. ಮೂರನೇ ಮಹಡಿಯ ಟಾಯ್ಲೆಟ್ ಲೇಔಟ್ ಆ ಹೊತ್ತಿಗೇ ಪಕ್ಕಾ ಆಗಿರಬೇಕು, ಯಾಕೆಂದರೆ ಅದರ ಪೈಪುಗಳು ಇಳಿಯುವುದು ಈ ಸ್ಲ್ಯಾಬ್ ಮೂಲಕವೇ. 54 ದಿನ ಮುಂಚೆ. ಆಗಿನ್ನೂ ಕೆಳಗಿನ ಮಹಡಿಯ ಕಂಬಗಳೇ ಎದ್ದಿರುವುದಿಲ್ಲ! ಆರ್ಕಿಟೆಕ್ಟರಿಗೆ ಇದನ್ನು ಹೇಳಿದರೆ ನಗುತ್ತಾರೆ. ಕಾಗದದ ಮೇಲೆ ತಾರೀಖು ಹಾಕಿ ತೋರಿಸಿ, ನಗುವುದಿಲ್ಲ.

ಇದರ ಜೊತೆ ವೇಗದ ಲೆಕ್ಕವೂ ಬೇಕು. ಸೈಟಿನಲ್ಲಿ 18 ದಿನಕ್ಕೊಂದು ಸ್ಲ್ಯಾಬ್ ಬೀಳುತ್ತಿದ್ದು, ನಿಮ್ಮ ತಂಡ 25 ದಿನಕ್ಕೊಂದು ಮಹಡಿಯ ಮಾಡೆಲ್ ಮುಗಿಸುತ್ತಿದ್ದರೆ ಪ್ರತಿ ಮಹಡಿಗೆ ಏಳು ದಿನ ಹಿಂದೆ ಬೀಳುತ್ತೀರಿ. ನಾಲ್ಕು ಮಹಡಿ ಹೊತ್ತಿಗೆ 28 ದಿನ. ಆಗ ಸೈಟ್ ನಿಮ್ಮನ್ನು ದಾಟಿ ಹೋಗುತ್ತದೆ. ಅಲ್ಲಿಂದ ಮುಂದೆ ನೀವು ಮಾಡುವುದು ಮಾಡೆಲಿಂಗ್ ಅಲ್ಲ, ಕಟ್ಟಿದ್ದನ್ನು ನೋಡಿ ನಕಲು ಮಾಡುವ ಕೆಲಸ. ಎಷ್ಟು ಜನ ಮಾಡೆಲರ್‌ಗಳು ಬೇಕು ಎನ್ನುವುದು ಈ ಲೆಕ್ಕದಿಂದ ಬರಬೇಕೇ ಹೊರತು ಟೆಂಪ್ಲೇಟಿನಿಂದ ಅಲ್ಲ. ಬೆಪ್‌ನಲ್ಲಿ ನಾನು ಮೊದಲು ತೆಗೆದು ನೋಡುವ ಪುಟ ಇದು. ಮಹಡಿವಾರು ತಾರೀಖುಗಳ ಈ ಕೋಷ್ಟಕ ಇಲ್ಲದಿದ್ದರೆ ಮುಂದೆ ಓದುವುದಿಲ್ಲ.

ಡಿಕ್ಕಿಗಳ ವಿಷಯಕ್ಕೆ ಬಂದರೆ, ಎಲ್ಲರ ಮಾಡೆಲ್ ಜೋಡಿಸಿ ಡಿಕ್ಕಿ ಹುಡುಕುವ ಸಾಫ್ಟ್‌ವೇರ್ ನೇವಿಸ್‌ವರ್ಕ್ಸ್‌ನಲ್ಲಿ ಮೊದಲ ಸಲ ಓಡಿಸಿದಾಗ ಸಾವಿರಗಟ್ಟಲೆ ತೋರಿಸುತ್ತದೆ. ಹೆದರಬೇಡಿ. ಒಂದು ಡಕ್ಟು ತಪ್ಪು ಎತ್ತರದಲ್ಲಿದ್ದರೆ ಅದೊಂದೇ ಐವತ್ತು ಡಿಕ್ಕಿ ಕೊಡುತ್ತದೆ. ಪ್ಲಾನಿನಲ್ಲಿ ಬರೆಯಬೇಕಾದ್ದು ಯಾರು ಸರಿಯಬೇಕು ಎನ್ನುವ ಕ್ರಮ. ಇಳಿಜಾರಿನ ಮೇಲೆ ಹರಿಯುವ ಡ್ರೈನೇಜ್ ಪೈಪಿಗೆ ಮೊದಲ ಹಕ್ಕು, ಅದು ಮೇಲೇಳಲಾರದು. ನೂರಕ್ಕೆ ಒಂದರ ಇಳಿಜಾರಿನಲ್ಲಿ 18 ಮೀಟರ್ ಹೋದರೆ 180 ಮಿಲಿಮೀಟರ್ ಕೆಳಗೆ ಬರುತ್ತದೆ. ಬೀಮಿನ ಅಡಿಯಿಂದ ಫಾಲ್ಸ್ ಸೀಲಿಂಗ್‌ವರೆಗೆ ನಿಮಗೆ 600 ಇದ್ದರೆ ಅದರಲ್ಲಿ ಇದೇ ಎಷ್ಟು ತಿಂದಿತು ನೋಡಿ. ಆಮೇಲೆ ದೊಡ್ಡ ಡಕ್ಟು, ಆಮೇಲೆ ದೊಡ್ಡ ಪೈಪು, ಕೇಬಲ್ ಟ್ರೇ, ಕೊನೆಗೆ ವೈರ್ ಹೋಗುವ, ಬಗ್ಗಿಸಬಹುದಾದ ಕೊಳವೆ, ಅಂದರೆ ಕಾಂಡ್ಯೂಟ್. ಈ ಕ್ರಮಕ್ಕೆ ಮೊದಲೇ ಎಲ್ಲರ ಒಪ್ಪಿಗೆ ಇದ್ದರೆ ಮೀಟಿಂಗ್ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಇಲ್ಲದಿದ್ದರೆ ಎಸಿ ಕಂಟ್ರಾಕ್ಟರ್, ಪ್ಲಂಬಿಂಗ್ ಕಂಟ್ರಾಕ್ಟರ್ ಇಬ್ಬರೂ 'ಮೊದಲು ಬಂದವನು ನಾನು' ಎನ್ನುತ್ತ ಕೂರುತ್ತಾರೆ.

ಅವರಿಬ್ಬರೂ ಈಗ ನಿಮ್ಮ ಜೊತೆ ಇದ್ದಾರಾ ಅನ್ನೋದನ್ನೂ ಕೇಳಿಕೊಳ್ಳಿ. ನಮ್ಮಲ್ಲಿ ಸಬ್‌ಕಾಂಟ್ರಾಕ್ಟರ್ ಬರುವುದು ಮೂರು ನಾಲ್ಕು ತಿಂಗಳು ತಡವಾಗಿ. ಅಲ್ಲಿಯವರೆಗೆ ಎಸಿ ಮಾಡೆಲ್ ಯಾರು ಮಾಡುತ್ತಾರೆ, ಅವರು ಬಂದ ಮೇಲೆ ಅದನ್ನು ಯಾರ ಜವಾಬ್ದಾರಿಯ ಮೇಲೆ ವಹಿಸಿಕೊಳ್ಳುತ್ತಾರೆ ಎಂದು ಬರೆಯದ ಪ್ಲಾನ್ ಅರ್ಧ ಪ್ಲಾನ್. ಅವರ ವರ್ಕ್ ಆರ್ಡರ್‌ಗೂ ಬೆಪ್ ಲಗತ್ತಿಸಿ. ವರ್ಕ್ ಆರ್ಡರ್ ಕೊಟ್ಟ ಮೇಲೆ 'ಮಾಡೆಲ್ ಮಾಡಿ' ಅಂದರೆ ಎಕ್ಸ್‌ಟ್ರಾ ಬಿಲ್ ಬರುತ್ತದೆ, ಅದು ಅವರ ತಪ್ಪೂ ಅಲ್ಲ.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಆದರೆ ವರ್ಷನ್ ಬಗ್ಗೆ ಹೇಳಲೇಬೇಕು. ಏರ್‌ಬಸ್‌ನ ಎ380 ವಿಮಾನದ ಕತೆ ಗೊತ್ತಲ್ಲ? ಜರ್ಮನಿಯ ಹ್ಯಾಂಬರ್ಗ್‌ನವರು ಕಟಿಯಾ ಸಾಫ್ಟ್‌ವೇರಿನ ನಾಲ್ಕನೇ ವರ್ಷನ್‌ನಲ್ಲಿ ಕೆಲಸ ಮಾಡುತ್ತಿದ್ದರು, ಫ್ರಾನ್ಸಿನ ಟುಲೂಸ್‌ನವರು ಐದನೆಯದರಲ್ಲಿ. ವೈರ್ ಕಟ್ಟುಗಳು ಜೋಡಿಸುವಾಗ ಸರಿಯಾಗಿ ಕೂರಲಿಲ್ಲ. 2006ರಲ್ಲಿ ಇಡೀ ಯೋಜನೆ ತಡವಾಗಿದ್ದಕ್ಕೆ ಇದೂ ಒಂದು ದೊಡ್ಡ ಕಾರಣ. ಅಷ್ಟು ದೊಡ್ಡವರಿಗೇ ಹಾಗಾಯಿತು. ರೆವಿಟ್‌ನಲ್ಲಿ ಹೊಸ ವರ್ಷನ್‌ನಲ್ಲಿ ಸೇವ್ ಮಾಡಿದ ಫೈಲ್ ಹಳೆಯದರಲ್ಲಿ ತೆರೆಯುವುದಿಲ್ಲ. ಯಾರೋ ಒಬ್ಬ ಹುಡುಗ ಅಪ್‌ಗ್ರೇಡ್ ಮಾಡಿ ಸೇವ್ ಒತ್ತಿದರೆ ಉಳಿದವರೆಲ್ಲ ಕೈಕಟ್ಟಿ ಕೂರಬೇಕು. ಯಾವ ವರ್ಷನ್ ಎಂದು ಬರೆದು, ಪ್ರಾಜೆಕ್ಟ್ ಮುಗಿಯುವವರೆಗೆ ಎಲ್ಲರ ಲಿಖಿತ ಒಪ್ಪಿಗೆ ಇಲ್ಲದೆ ಬದಲಿಸುವುದಿಲ್ಲ ಎಂದೂ ಬರೆಯಿರಿ. ಬೇರೆ ಸಾಫ್ಟ್‌ವೇರ್ ಬಳಸುವವರು ಐಎಫ್‌ಸಿ ಫೈಲ್ ಕೊಡಲಿ, ಅದು ಬೇರೆ ಬೇರೆ ಸಾಫ್ಟ್‌ವೇರ್‌ಗಳು ಓದಬಲ್ಲ ಸಾಮಾನ್ಯ ರೂಪ. ಅದು ನೋಡಲು, ಹೋಲಿಸಲು ಸರಿ. ತೆಗೆದುಕೊಂಡು ತಿದ್ದುತ್ತೇನೆ ಎಂದರೆ ಕೈ ಸುಟ್ಟುಕೊಳ್ಳುತ್ತೀರಿ.

ಮಾಡೆಲ್‌ನ ಮೂಲಬಿಂದು ಕೂಡ ಹಾಗೇ. ಸರ್ವೆಯವರು ಯುಟಿಎಂ ಲೆಕ್ಕದಲ್ಲಿ, ಅಂದರೆ ಭೂಮಿಯ ಮೇಲಿನ ಜಾಗವನ್ನು ಮೀಟರ್‌ಗಳಲ್ಲಿ ಗುರುತಿಸುವ ಲೆಕ್ಕದಲ್ಲಿ ಡ್ರಾಯಿಂಗ್ ಕೊಡುತ್ತಾರೆ. ಆ ಲೆಕ್ಕದಲ್ಲಿ ಬೆಂಗಳೂರು ಸಮಭಾಜಕದಿಂದ ಉತ್ತರಕ್ಕೆ 14 ಲಕ್ಷ ಮೀಟರ್‌ಗೂ ಹೆಚ್ಚು ದೂರದಲ್ಲಿದೆ. ರೆವಿಟ್ ತನ್ನ ಒಳಗಿನ ಮೂಲದಿಂದ 16 ಕಿಲೊಮೀಟರ್ ಆಚೆ ಏನಾದರೂ ಗೀರಿದರೆ ತಕರಾರು ತೆಗೆಯುತ್ತದೆ. ಹಾಗಾಗಿ ಒಂದು ಗ್ರಿಡ್ ಮೂಲೆಯನ್ನು, ಉದಾಹರಣೆಗೆ ಎ ಮತ್ತು 1 ಸೇರುವ ಜಾಗವನ್ನು ಸೊನ್ನೆ ಎಂದು ಹಿಡಿಯಿರಿ. ನಿಜವಾದ ಯುಟಿಎಂ ಅಂಕಿ, ಉತ್ತರ ದಿಕ್ಕಿನ ಕೋನ, ಮಟ್ಟ ಮೂರನ್ನೂ ಪಕ್ಕದಲ್ಲಿ ಬರೆದಿಡಿ. ಇದು ಅರ್ಧ ಪುಟ. ಈ ಅರ್ಧ ಪುಟ ಇಲ್ಲದೆ ಆರ್ಕಿಟೆಕ್ಟರ ಕಟ್ಟಡ ಒಂದು ಕಡೆ, ಸ್ಟ್ರಕ್ಚರ್ ಇನ್ನೊಂದು ಕಡೆ ಆಕಾಶದಲ್ಲಿ ತೇಲುವುದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಅಳತೆಯ ವಿಷಯದಲ್ಲಿ ಕ್ಲೈಂಟ್‌ಗೆ ಆಸೆ ಹುಟ್ಟಿಸಬೇಡಿ. 'ಬಟನ್ ಒತ್ತಿದರೆ ಬಿಒಕ್ಯು (ಯಾವ ಕೆಲಸ ಎಷ್ಟು ಪ್ರಮಾಣ ಎನ್ನುವ ಪಟ್ಟಿ) ಬರುತ್ತದೆ' ಎಂದು ಸಾಫ್ಟ್‌ವೇರ್ ಮಾರುವವರು ಹೇಳುತ್ತಾರೆ. ಬರುತ್ತದೆ, ಆದರೆ ಬಿಲ್ಲಿಗೆ ಹೊಂದುವುದಿಲ್ಲ. ನಮ್ಮ ಬಿಲ್ಲು ಸಾಮಾನ್ಯವಾಗಿ ಕಟ್ಟಡ ಕೆಲಸ ಅಳೆಯುವ ಭಾರತೀಯ ಮಾನದಂಡ ಐಎಸ್ 1200ರ ಪ್ರಕಾರ. ಅದರಲ್ಲಿ ಪ್ಲಾಸ್ಟರ್ ಅಳೆಯುವಾಗ 0.5 ಚದರ ಮೀಟರ್‌ವರೆಗಿನ ತೆರಪುಗಳನ್ನು ಕಳೆಯುವುದಿಲ್ಲ. ಮಾಡೆಲ್‌ಗೆ ಅದು ಗೊತ್ತಿಲ್ಲ, ಪೈಪಿನ ಸಣ್ಣ ತೂತನ್ನೂ ಕಳೆಯುತ್ತದೆ. ಬೀಮು, ಸ್ಲ್ಯಾಬು ಸೇರುವ ಜಾಗದಲ್ಲಿ ಸರಿಯಾಗಿ ಜಾಯಿನ್ ಮಾಡದಿದ್ದರೆ ಕಾಂಕ್ರೀಟನ್ನು ಎರಡು ಸಲ ಎಣಿಸುತ್ತದೆ. ಶಟರಿಂಗ್ ಮಾಡೆಲ್‌ನಲ್ಲಿ ಇರುವುದೇ ಇಲ್ಲ. ಹಾಗಾಗಿ ಕಾಂಕ್ರೀಟ್, ಬ್ಲಾಕ್ ಗೋಡೆ, ಬಾಗಿಲು ಕಿಟಕಿ, ಡಕ್ಟು, ಪೈಪು ಇಷ್ಟಕ್ಕೇ ಮಾಡೆಲ್ ಅಳತೆ ಎಂದು ಬರೆಯಿರಿ. ಅದೂ ಸಾಮಾನು ತರಿಸಲು ಮತ್ತು ತಾಳೆ ನೋಡಲು ಮಾತ್ರ, ಬಿಲ್ಲಿಗೆ ಅಲ್ಲ.

ಫೈಲ್‌ಗಳ ವ್ಯವಸ್ಥೆಗೆ ಐಎಸ್‌ಒ 19650ರ ನಾಲ್ಕು ಹಂತ ಸಾಕು. ಇನ್ನೂ ಕೆಲಸ ನಡೆಯುತ್ತಿರುವುದು, ಬೇರೆಯವರು ನೋಡಲು ಹಂಚಿದ್ದು, ಒಪ್ಪಿಗೆಯಾಗಿ ಹೊರಬಿದ್ದದ್ದು, ಹಳೆಯದಾಗಿ ಕಪಾಟಿಗೆ ಹೋದದ್ದು. ದೊಡ್ಡ ಪ್ಲಾಟ್‌ಫಾರಂ ಇಲ್ಲದಿದ್ದರೆ ಸರ್ವರ್‌ನಲ್ಲಿ ನಾಲ್ಕು ಫೋಲ್ಡರ್ ಮಾಡಿ, ಯಾರಿಗೆ ಎಲ್ಲಿ ಬರೆಯುವ ಹಕ್ಕು ಎಂದು ಕಟ್ಟುನಿಟ್ಟು ಮಾಡಿದರೂ ನಡೆಯುತ್ತದೆ. ನಿಮ್ಮ ದೊಡ್ಡ ಶತ್ರು ವಾಟ್ಸ್ಆ್ಯಪ್. ಮೇಸ್ತ್ರಿಗೆ ಯಾರೋ ಫೋಟೊ ಕಳಿಸುತ್ತಾರೆ, ಅವನು ಅದನ್ನೇ ನೋಡಿ ಕಟ್ಟುತ್ತಾನೆ. ಜಿಎಫ್‌ಸಿ, ಅಂದರೆ 'ಇದನ್ನು ನೋಡಿ ಕಟ್ಟಬಹುದು' ಎನ್ನುವ ಸೀಲ್ ಮತ್ತು ತಾರೀಖು ಇಲ್ಲದ ಕಾಗದ ನೋಡಿ ಕೆಲಸ ಮಾಡುವಂತಿಲ್ಲ ಎಂದು ಬರೆಯಿರಿ. ಮಾಡೆಲ್‌ಗೂ ಜಿಎಫ್‌ಸಿ ಡ್ರಾಯಿಂಗ್‌ಗೂ ವ್ಯತ್ಯಾಸ ಬಂದರೆ ಯಾವುದು ಅಂತಿಮ ಎನ್ನುವುದನ್ನೂ ಅಲ್ಲೇ ಹೇಳಿ. ನನ್ನ ಪ್ರಕಾರ ಸದ್ಯಕ್ಕೆ ಸಹಿ ಬಿದ್ದ ಡ್ರಾಯಿಂಗೇ ಅಂತಿಮ ಇರಲಿ. ಸಹಿ ಬೀಳುವುದು ಅದರ ಮೇಲೆ ತಾನೆ?

ಕೊನೆಯದಾಗಿ ಹಸ್ತಾಂತರ. ಆಸ್ಪತ್ರೆಯಲ್ಲಿ ಎಸಿ, ಜನರೇಟರ್, ಮೆಡಿಕಲ್ ಗ್ಯಾಸ್ ನೋಡಿಕೊಳ್ಳುವ ಎಂಜಿನಿಯರ್ ಒಬ್ಬರು ಇರುತ್ತಾರೆ, ಅಥವಾ ಇದೇ ಗುಂಪಿನ ಬೇರೆ ಆಸ್ಪತ್ರೆಯಲ್ಲಿ ಇರುತ್ತಾರೆ. ಅವರ ಜೊತೆ ಒಂದು ಕಾಫಿ ಕುಡಿಯಿರಿ. 'ನಿಮಗೆ ರಾತ್ರಿ ಎರಡು ಗಂಟೆಗೆ ಫೋನ್ ಬಂದರೆ ಮೊದಲು ಯಾವ ಮಾಹಿತಿ ಹುಡುಕುತ್ತೀರಿ?' ಎಂದು ಕೇಳಿ. ವಾಲ್ವ್ ಎಲ್ಲಿದೆ, ಮಷೀನಿನ ಸೀರಿಯಲ್ ನಂಬರ್ ಏನು, ವಾರಂಟಿ ಎಂದಿನವರೆಗೆ, ಯಾರಿಗೆ ಫೋನ್ ಮಾಡಬೇಕು ಎನ್ನುತ್ತಾರೆ. ಮಾಡೆಲ್‌ನಲ್ಲಿ ತುಂಬಬೇಕಾದ್ದು ಅದು. ಸೀರಿಯಲ್ ನಂಬರ್ ಗೊತ್ತಾಗುವುದು ಮಷೀನ್ ಸೈಟಿಗೆ ಬಂದ ಮೇಲೆ, ಆದ್ದರಿಂದ ತುಂಬುವವನು ಮಾಡೆಲರ್ ಅಲ್ಲ, ಸ್ಟೋರ್‌ನವನು. ಅವನ ಹೆಸರೂ ನಿಮ್ಮ ಬೆಪ್‌ನಲ್ಲಿ ಇರಬೇಕು. ಮಾಹಿತಿಯನ್ನು ಎಕ್ಸೆಲ್ ಪಟ್ಟಿಯಾಗಿ ಕೊಟ್ಟರೂ ಸಾಕು. ಮೇಂಟೆನೆನ್ಸ್‌ನವರು ತೆರೆಯುವುದು ಅದನ್ನೇ.

ಮೂರು ವಾರವನ್ನು ಹೀಗೆ ಕಳೆಯಿರಿ. ಮೊದಲ ವಾರ ಬರೀ ಭೇಟಿ: ಪ್ಲಾನಿಂಗ್, ಆರ್ಕಿಟೆಕ್ಟ್, ಕನ್ಸಲ್ಟೆಂಟ್‌ಗಳು, ಆ ಮೇಂಟೆನೆನ್ಸ್ ಎಂಜಿನಿಯರ್. ಎರಡನೇ ವಾರ ಬರೆಯಿರಿ. ಹದಿನೈದು ಪುಟ ದಾಟಿದರೆ ಏನೋ ಜಾಸ್ತಿ ಒಪ್ಪಿಕೊಳ್ಳುತ್ತಿದ್ದೀರಿ ಎಂದರ್ಥ. ಗೆಳೆಯನ ಟೆಂಪ್ಲೇಟಿನಿಂದ ಫೈಲ್ ಹೆಸರಿಡುವ ಕ್ರಮವನ್ನು ಮಾತ್ರ ಎತ್ತಿಕೊಳ್ಳಬಹುದು. ಮೂರನೇ ವಾರ ಒಂದು ಟಾಯ್ಲೆಟ್ ಬ್ಲಾಕ್ ಮತ್ತು ಅದರ ಎದುರಿನ ಕಾರಿಡಾರ್ ತೆಗೆದುಕೊಂಡು, ಎಲ್ಲರಿಂದ ಮಾಡೆಲ್ ತರಿಸಿ, ಒಟ್ಟಿಗೆ ಜೋಡಿಸಿ, ಸ್ಲೀವ್ ಡ್ರಾಯಿಂಗ್‌ವರೆಗೆ ಒಮ್ಮೆ ಓಡಿಸಿ ನೋಡಿ. ಮೂಲಬಿಂದು ಕೂಡದಿರುವುದು, ವರ್ಷನ್ ತೆರೆಯದಿರುವುದು ಎಲ್ಲ ಅಲ್ಲೇ ಬಯಲಾಗುತ್ತದೆ. ಸಿಕ್ಕ ದೋಷಗಳನ್ನೂ ಮಾಡಿದ ತಿದ್ದುಪಡಿಗಳನ್ನೂ ಕೊನೆಯ ಪುಟವಾಗಿ ಸೇರಿಸಿ. ಎಸಿ ಮತ್ತು ಪ್ಲಂಬಿಂಗ್ ಕಂಟ್ರಾಕ್ಟರ್ ಬಂದ ಎರಡು ವಾರದೊಳಗೆ ಎರಡನೇ ಆವೃತ್ತಿ ಕೊಡುತ್ತೇವೆ ಎಂದು ಕವರ್ ಲೆಟರ್‌ನಲ್ಲಿ ಬರೆದು ಕಳಿಸಿ.